ಕಿವಿಗಿಟ್ಟ ಸ್ಕ್ರೂಡ್ರೈವರ್

ಬೆಳಿಗ್ಗೆಯಿಂದ ಯಾರೊಬ್ಬರೂ ಸರಿಯಾಗಿ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಪೇಪರಿನವನು ಗೇಟಿನ ಬಳಿ ಏನೋ ಗೊಣಗಿ ಹೋಗಿದ್ದ. ಬಸ್ಸಿನ ಕಂಡಕ್ಟರು ಟಿಕೆಟ್ ಹರಿದು ಕೊಡುತ್ತ ಮಾತನ್ನು ಬಾಯೊಳಗೇ ಅಗಿದು ನುಂಗಿದ್ದ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಹೆಂಡತಿಯೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಎರಡು ಸಲ ಏನನ್ನೋ ಹೇಳಿದಳು. ಅವನು ಎರಡು ಸಲವೂ 'ಹೂಂ' ಅಂದ. ಎರಡನೆಯ ಸಲ ಅವಳು ತಿರುಗಿ ನೋಡಿದ ರೀತಿಯಿಂದ ಅದು ಹೂಂ ಅನ್ನಬೇಕಾದ ಮಾತಾಗಿರಲಿಲ್ಲ ಎಂದು ಗೊತ್ತಾಯಿತು. ಆದರೂ ಏನಂದೆ ಎಂದು ಅವನು ಕೇಳಲಿಲ್ಲ. ಆ ಮಾತನ್ನು ಬಾಯಿಂದ ತೆಗೆಯಬಾರದೆಂದು ಆರು ತಿಂಗಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದ. ಜನರೇ ಮಾತಾಡುವುದನ್ನು ಮರೆತಿರುವಾಗ ತಾನೇಕೆ ಅವರ ಮುಂದೆ ಕೈಚಾಚಿ ನಿಂತು ಇನ್ನೊಂದು ಸಲ ಹೇಳಿ ಅನ್ನಬೇಕು? ಇವಳೋ, ಮೂವತ್ತೊಂದು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು. ಇವಳು ಹಲಗೆಯ ಮುಂದೆ ನಿಂತು ಎರಡೊಂದ್ಲ ಎರಡು ಅಂದರೆ ಶಾಲೆಯ ಮೈದಾನದ ಆಚೆ ಸೈಕಲ್ ತುಳಿಯುವವರಿಗೂ ಕೇಳಿಸುತ್ತಿತ್ತು. ಅಂಥ ಗಂಟಲನ್ನು ನಿವೃತ್ತಿಯ ದಿನ ಹಾಜರಿ ಪುಸ್ತಕದ ಜೊತೆಗೇ ಶಾಲೆಗೆ ಒಪ್ಪಿಸಿ ಬಂದಳೇನೋ. ಊರಿನವರ ಮಕ್ಕಳಿಗೆಲ್ಲ ಸಿಕ್ಕಿದ ದನಿ ಕಟ್ಟಿಕೊಂಡ ಗಂಡನಿಗಿಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಅವಳ ಎಡ ಮಂಡಿಗೆ ನಾಲ್ಕು ತಿಂಗಳ ಹಿಂದೆ ಆಪರೇಷನ್ ಆಗಿತ್ತು. ಹೊಲಿಗೆ ಒಣಗಿತು, ಬಾವು ಇಳಿಯಿತು, ಮಂಡಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯವನು ಕಾಗದದ ಮೇಲೆ ಮೊಟ್ಟೆಯಾಕಾರದ ಗೀಟೊಂದನ್ನು ಎಳೆದು, ಪಾದ ಹೀಗೆ ಸುತ್ತಬೇಕು ಎಂದು ತೋರಿಸಿದ್ದ. ಅದಕ್ಕೆ ಎಲಿಪ್ಟಿಕಲ್ ಮಷೀನೇ ಆಗಬೇಕು. ನೆಲಕ್ಕೆ ಕಾಲು ಬಡಿಯದೆ ನಿಂತಲ್ಲೇ ನಡೆಯುವ ಯಂತ್ರ. ಮನೆಗೆಂದು ಮಾಡಿದ ಹಗುರ ಮಷೀನುಗಳು ಓಲಾಡುತ್ತವೆ, ಹೆಜ್ಜೆ ಗಿಡ್ಡ, ಜಗ್ಗಿದರೆ ಮಂಡಿಗೆ ಏಟು. ಮುಚ್ಚಿಹೋದ ಜಿಮ್ಮುಗಳದ್ದು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ, ಭಾರವಾಗಿರುತ್ತವೆ, ಅಂಥದ್ದು ತೆಗೆದುಕೊಳ್ಳಿ. ಈ ಒಂದು ವರ್ಷ ದಿನಾ ನಡೆದರೆ ಕೋಲು ಬಿಡಬಹುದು. ನಡೆಯುವುದನ್ನು ಬಿಟ್ಟರೆ ಮಂಡಿ ಹೀಗೇ ಗಟ್ಟಿಯಾಗುತ್ತದೆ, ಆಮೇಲೆ ಯಾರೂ ಏನೂ ಮಾಡೋಕಾಗಲ್ಲ. ಇದನ್ನೆಲ್ಲ ಫಿಸಿಯೋಥೆರಪಿಯವನು ಹೇಳಿದಾಗ ಅವನು ಎದುರಿಗೇ ಕೂತು ತಲೆಯಾಡಿಸಿದ್ದ. ಆದರೆ ಅಷ್ಟೂ ಅವನಿಗೆ ತಲುಪಿದ್ದು ಹೆಂಡತಿ ಬಸ್ ಸ್ಟಾಪಿನಲ್ಲಿ ಬಿಡಿಸಿ ಹೇಳಿದ ಮೇಲೆ. ಇನ್ನೊಂದು ಮಾತನ್ನು ಅವಳೇ ಸೇರಿಸಿದ್ದಳು. ಮಷೀನು ಸದ್ದು ಮಾಡಬಾರದು. ಅವರ ಕೆಳಗಿನ ಮನೆಯವನಿಗೆ ರಾತ್ರಿಪಾಳಿ. ಹಗಲೆಲ್ಲ ಮಲಗುವ ಆಸಾಮಿ ಮಿಕ್ಸಿ ತಿರುಗಿಸಿದರೂ ಮೆಟ್ಟಿಲು ಹತ್ತಿ ಜಗಳಕ್ಕೆ ಬರುತ್ತಿದ್ದ. 'ಸದ್ದಿನ ವಿಷಯ ನಿಮಗೆ ಬಿಟ್ಟಿದ್ದು,' ಅಂದಿದ್ದಳು. ಅದನ್ನು ಮಾತ್ರ ಅವನ ಮುಖ ನೋಡಿ, ಸ್ಪಷ್ಟವಾಗಿ ಅಂದಿದ್ದಳು. ಅವನಿಗೆ ಎದೆಯುಬ್ಬಿತ್ತು. ಕಾಗದದ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಬೇರಿಂಗುಗಳ ಸದ್ದು ಕೇಳಿದವನು, ಆಳೆತ್ತರದ ಉರುಳೆಗಳ ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ಬಿಚ್ಚದೆ ಹೇಳುತ್ತಿದ್ದವನು. ಎಂಜಿನಿಯರುಗಳು ಅವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಇಷ್ಟಾದರೂ ಹೋದ ತಿಂಗಳು ಬಂದಿದ್ದ ಮಗಳು, ಹೊರಡುವಾಗ ನೀರಿನ ಲೋಟದ ಕೆಳಗೆ ಯಾವುದೋ ಕಿವಿ ಆಸ್ಪತ್ರೆಯ ಚೀಟಿ ಇಟ್ಟು ಹೋಗಿದ್ದಳು. ಎದುರಿಗೆ ಹೇಳುವ ಧೈರ್ಯವಿಲ್ಲ, ಲೋಟದ ಕೆಳಗೆ ಇಡುವ ಬುದ್ಧಿ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿನಡಿ ತುರುಕಿದ್ದ. ಅಂದಿನಿಂದ ಮೇಜು ನೆಟ್ಟಗೆ ನಿಂತಿದೆ.

ಗೋದಾಮು ಟೈರ್ ಅಂಗಡಿಯ ಹಿಂದಿತ್ತು. ತಗಡಿನ ಛಾವಣಿ, ಸಿಮೆಂಟಿನ ನೆಲ, ರಬ್ಬರಿನದೂ ಹಳೇ ಬೆವರಿನದೂ ಸೇರಿದ ವಾಸನೆ. ಯಾರ್‍ಯಾರೋ ಉತ್ಸಾಹದಿಂದ ಶುರುಮಾಡಿ ಬಾಗಿಲು ಹಾಕಿದ ಜಿಮ್ಮುಗಳ ಸಾಮಾನೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು. ಗೋಡೆಗೆ ಒರಗಿಸಿಟ್ಟ ಆಳೆತ್ತರದ ಕನ್ನಡಿಗಳಲ್ಲಿ ಅವನಿಗೆ ಅವನೇ ಏಳೆಂಟು ಕಡೆಯಿಂದ ಕಂಡ. ಎಲ್ಲ ಕಡೆಯೂ ಕತ್ತನ್ನು ಬಲಕ್ಕೆ ಸ್ವಲ್ಪ ವಾಲಿಸಿಕೊಂಡು, ಹುಬ್ಬು ಗಂಟುಹಾಕಿಕೊಂಡು ನಿಂತಿದ್ದ. ಹಾಗೆ ವಾಲುವುದು ಯಾವಾಗಿನಿಂದ ಶುರುವಾಯಿತೋ. ಕತ್ತನ್ನು ನೇರ ಮಾಡಿದ. ಮಾಲೀಕ ಎಲ್ಲಿ ಎಂದು ಹುಡುಕುತ್ತಿದ್ದಾಗ ಮಷೀನೊಂದರ ಅಡಿಯಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಸ್ಪ್ಯಾನರ್ ಹಿಡಿದುಕೊಂಡು ತೆವಳಿ ಎದ್ದಳು. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಅವಳೇ ಮಾಲಕಿ, ಅವಳೇ ಮೆಕ್ಯಾನಿಕ್ಕು. ಅವನನ್ನು ನೋಡಿ ನಕ್ಕು ಏನೋ ಅಂದಳು. ಅದರಲ್ಲಿ 'ಅಂಕಲ್' ಎಂಬುದೊಂದು ಮಾತ್ರ ಕೇಳಿಸಿತು. ಬೇಡದ ಮಾತು ಹೇಗೆ ಸರಿಯಾಗಿ ಕೇಳಿಸುತ್ತದೆ! ಉಳಿದದ್ದಕ್ಕೆ ಹೆಂಡತಿ ಉತ್ತರ ಕೊಟ್ಟಳು. ಈಚೆಗೆ ಎಲ್ಲ ಕಡೆಯೂ ಇದೇ ಆಗಿಹೋಗಿತ್ತು. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಅವನಿಗೆ ಹಾಕಿದ ಪ್ರಶ್ನೆಯನ್ನು ಅವಳು ಮುಂದೆ ನುಗ್ಗಿ ಹಿಡಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಸುಮ್ಮಸುಮ್ಮನೆ, 'ಬೆಲ್ಲಾಯ್ತು, ನಾನೇ ಬಾಗಿಲು ತೆಗೀತೀನಿ' ಎಂದು ಅವನ ಮುಂದೆ ಹಾದು ಕೋಲೂರಿಕೊಂಡು ಹೋಗುತ್ತಿದ್ದಳು. ಬೆಲ್ಲಾದದ್ದು ತನಗೆ ಗೊತ್ತಿಲ್ಲವೇ? ಅವನಿಗೆ ಗೊತ್ತಿರುತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಇವಳಿಗೆ ಯಾರು ಹೇಳಿದರು?

ಎಲಿಪ್ಟಿಕಲ್‌ಗಳು ಒಟ್ಟು ಐದಿದ್ದವು. ಮೂರನ್ನು ಅವನು ನಿಂತಲ್ಲಿಂದಲೇ ತಳ್ಳಿಹಾಕಿದ. ಒಂದರ ಚೌಕಟ್ಟಿಗೆ ಬೆವರಿನ ಉಪ್ಪು ಕೂತು ತುಕ್ಕು ಹಿಡಿದು, ಬಣ್ಣದ ಕೆಳಗೆ ಉಬ್ಬಿತ್ತು. ಇನ್ನೊಂದರ ನಟ್ಟುಗಳ ಮೂಲೆಗಳೆಲ್ಲ ಸವೆದಿದ್ದವು. ಸೈಜು ತಪ್ಪಿದ ಸ್ಪ್ಯಾನರ್ ಹಾಕಿ ಯಾವನೋ ಅಡ್ಡಕಸುಬಿ ತಿರುಗಿಸಿದ್ದ. ಮೂರನೆಯದರ ಕಾಲಿಡುವ ಹಲಗೆ ಹಿಡಿದು ಎತ್ತಿದರೆ ಕೀಲಿನಲ್ಲಿ ಅರ್ಧ ಬೆರಳಿನಷ್ಟು ಸಡಿಲ. ಉಳಿದವು ಎರಡು, ಕಪ್ಪು ಬಣ್ಣದ್ದೊಂದು, ಬೂದು ಬಣ್ಣದ್ದೊಂದು. ಕಪ್ಪಿನ ಹಳಿಗಳ ಮೇಲೆ ಬೆರಳಾಡಿಸಿ, ನಾಲ್ಕು ಗಾಲಿಗಳನ್ನೂ ಒಂದೊಂದಾಗಿ ಉರುಳಿಸಿ, 'ಇದೊಂದು ಗಾಲಿ ಈ ಮಷೀನಿಂದಲ್ಲ,' ಅಂದ. ಆ ಹೆಂಗಸು ಬಗ್ಗಿ ನೋಡಿ, ಆಶ್ಚರ್ಯದಿಂದ ಹೆಂಡತಿಯ ಕಡೆ ತಿರುಗಿ, 'ಅಯ್ಯೋ, ಹೌದು ಆಂಟಿ, ಬೇರೆ ಮಷೀನಿಂದ ತೆಗೆದು ನಾನೇ ಹಾಕಿದ್ದು. ಇಷ್ಟು ದಿನ ಒಬ್ರೂ ಕಂಡುಹಿಡಿದಿರಲಿಲ್ಲ,' ಅಂದಳು. ಮಾತು ಪೂರ್ತಿ ಕೇಳಿಸಿತು. ಕಂಡುಹಿಡಿದವನು ತಾನು, ಹೊಗಳಿಕೆ ಹೆಂಡತಿಗೆ. ಅವನು ಬ್ಯಾಗಿನ ಜಿಪ್ಪು ಎಳೆದು, ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಸ್ಕ್ರೂಡ್ರೈವರನ್ನು ಹೊರಗೆ ತೆಗೆದ. ಮೊಳದುದ್ದದ ಕಂಬಿ, ಮರದ ಹಿಡಿ, ಹಿಡಿಯ ತುದಿ ಎಷ್ಟೋ ವರ್ಷ ಕಿವಿಗೆ ಒತ್ತಿ ಒತ್ತಿ ನುಣುಪಾಗಿತ್ತು.

'ಏನೂ ಬಿಚ್ಚೋದು ಬೇಡ ಅಂಕಲ್!' ಅಂದಳು ಅವಳು ಗಾಬರಿಯಿಂದ.

'ಬಿಚ್ಚೋಕಲ್ಲಮ್ಮ, ಕೇಳೋಕೆ.'

ಕಾರ್ಖಾನೆಯಲ್ಲಿ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಕಂಬಿಯ ತುದಿಯನ್ನು ಬೇರಿಂಗಿನ ಮನೆಯ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚದೆ ಕೇಳಿದವನು ಕೇಳಿದ ಹಾಗಲ್ಲ ಎಂದು ದೊಡ್ಡ ಫಿಟ್ಟರ್ ಹೇಳುತ್ತಿದ್ದ. ಒಳಗೆ ಗುಂಡು ಒಡೆದಿದ್ದರೆ ಸುತ್ತಿಗೊಮ್ಮೆ ಟಕ್ಕೆನ್ನುತ್ತದೆ. ಗ್ರೀಸು ಒಣಗಿದ್ದರೆ ಮರಳು ಕೆರೆದ ಹಾಗಿರುತ್ತದೆ. ಚೆನ್ನಾಗಿದ್ದರೆ ಬೇರೇನೂ ಇಲ್ಲ, ಗುಂಯ್ ಎಂಬ ಒಂದೇ ಸಮನೆಯ ನಾದ. ಆ ನಾದ ಹತ್ತು ನಿಮಿಷ ಕಿವಿಯಲ್ಲಿದ್ದರೆ ಮನಸ್ಸೂ ಒಂದೇ ಸಮ ಆಗಿಬಿಡುತ್ತಿತ್ತು. ದೊಡ್ಡ ಫಿಟ್ಟರ್ ಅವನಿಗೆ ಕಸುಬು ಕಲಿಸಿದವನು. ಕೊನೆಕೊನೆಗೆ ಆತ ಹೊಸದೊಂದು ಅಭ್ಯಾಸ ಮಾಡಿಕೊಂಡಿದ್ದ. ಮೋಟರಿನ ಪಕ್ಕ ಕೂತು ತಾನು ಬಹಳ ಹೊತ್ತು ಕೇಳಿ, ಏನೂ ಹೇಳದೆ, ಸ್ಕ್ರೂಡ್ರೈವರನ್ನು ಇವನ ಕೈಗೆ ಕೊಟ್ಟು, 'ನೀನೂ ಒಂದ್ಸಲ ಕೇಳು,' ಅನ್ನುತ್ತಿದ್ದ. ಇವನು ಕೇಳಿ ಗ್ರೀಸು ಹೋಗಿದೆ ಅಂದರೆ, 'ಹಾಂ, ನಂಗೂ ಹಾಗೇ ಅನ್ನಿಸ್ತು,' ಅನ್ನುತ್ತಿದ್ದ. ಗುರು ಶಿಷ್ಯನಿಗೆ ಪರೀಕ್ಷೆ ಕೊಡುತ್ತಿದ್ದಾನೆ ಎಂದು ಮೊದಮೊದಲು ಇವನು ಹಿಗ್ಗಿದ್ದ. ಪರೀಕ್ಷೆಯಲ್ಲ, ಇವನ ಉತ್ತರವನ್ನೇ ನಕಲು ಮಾಡುತ್ತಿದ್ದಾನೆ ಎಂದು ತಿಳಿಯಲು ಆರು ತಿಂಗಳು ಬೇಕಾಯಿತು. ತಿಳಿದಾಗ ಮರುಕ ಬರಬಹುದಿತ್ತು. ಬಂದದ್ದು ಸಿಟ್ಟು. ಕೆಲಸ ತನ್ನದು, ಹೆಸರು ಮುದುಕನದು.

'ತುಳೀರಿ ಆಂಟಿ, ಮೆಲ್ಲಗೆ. ನೀವು ತುಳಿದ್ರೇನೇ ಇದಕ್ಕೆ ಕರೆಂಟು.' ಹೆಂಗಸು ಕಪ್ಪು ಮಷೀನಿನ ಮೇಲೆ ಹೆಂಡತಿಗೆ ಕೈಕೊಟ್ಟು ಹತ್ತಿಸಿದಳು. ಹೆಂಡತಿ ಕೋಲನ್ನು ಅವಳಿಗೆ ಕೊಟ್ಟು, ಎರಡೂ ಹಿಡಿ ಹಿಡಿದುಕೊಂಡು, ಒಂದು ಹೆಜ್ಜೆ ಹಾಕಿದಳು, ಇನ್ನೊಂದು ಹಾಕಿದಳು. ಎದುರಿನ ಕಪ್ಪು ಪರದೆಯಲ್ಲಿ ಕೆಂಪು ಅಂಕಿಗಳು ಮೂಡಿದವು. ದೊಡ್ಡ ಜಿಮ್ಮಿನ ಮಷೀನುಗಳೆಲ್ಲ ಹೀಗೇ, ತುಳಿದವರ ಬಲದಿಂದಲೇ ದೀಪ ಹತ್ತುತ್ತದೆ, ನಿಂತರೆ ಆರುತ್ತದೆ. ಅವಳ ಮುಖದಲ್ಲಿ ನಾಲ್ಕು ತಿಂಗಳಿಂದ ಕಾಣದಿದ್ದ ಒಂದು ಹುಡುಗಾಟ ಕಂಡಿತು. ಕೋಲಿಲ್ಲದೆ ನಡೆಯುತ್ತಿದ್ದಳು. ಅವನು ಮಂಡಿಯೂರಿ ಕೂತು, ಹಿಂದಿನ ದೊಡ್ಡ ಚಕ್ರದ ಅಚ್ಚಿಗೆ ಕಂಬಿ ಒತ್ತಿ, ಕಣ್ಣು ಮುಚ್ಚಿದ. ಗುಂಯ್. ಒಂದೇ ಸಮ. ಎಲ್ಲೂ ಮುರಿಯದ ನಾದ. 'ಪರವಾಗಿಲ್ಲ,' ಎಂದು ಎದ್ದ. ಆಮೇಲೆ ಬೂದು ಬಣ್ಣದ್ದು. ಅದನ್ನು ಹೆಂಗಸೇ ಹತ್ತಿ ತುಳಿದಳು, ಹತ್ತೇ ಹೆಜ್ಜೆ, ಮುಖ ಸಿಂಡರಿಸಿಕೊಂಡು. ಅದೂ ಗುಂಯ್. ಅದೇ ನಾದ, ಅದೇ ಸಮ. ಎರಡಕ್ಕೂ ಒಂದೇ ಸದ್ದು ಹೇಗೆ ಎಂಬ ಅನುಮಾನ ಒಂದು ಕ್ಷಣ ಇಣುಕಿತು. ಒಂದೇ ಕಂಪನಿಯ ಮಾಲು, ಮತ್ತೆ ಹೇಗಿರುತ್ತದೆ ಎಂದು ಅದನ್ನು ಅಲ್ಲೇ ಅದುಮಿದ. ಬೂದು ಮಷೀನಿಗೆ ಹಳಿ ಹೊಸದು, ಗಾಲಿ ನಾಲ್ಕೂ ಅದರವೇ, ಓಡಿದ ತಾಸುಗಳ ಲೆಕ್ಕವೂ ಅರ್ಧ.

'ಇದನ್ನೇ ಕೊಡು,' ಅಂದ.

ಹೆಂಗಸು ಇಳಿದು ಬಂದು ಅವನೆದುರು ನಿಂತಳು. 'ಇದು ಬೇಡ ಅಂಕಲ್. ಇದರ ಬೇರಿಂಗ್ ಹೋಗಿದೆ. ಹೇಗೆ ಕಿರುಚ್ತಿದೆ ನೋಡಿ. ಹೊಸದು ತರಿಸೋಕೆ ಹೇಳಿದೀನಿ, ಬರೋದು ಯಾವಾಗ್ಲೋ. ಕಪ್ಪುದನ್ನ ತಗೊಳ್ಳಿ, ಅದು ಉಸಿರೂ ಬಿಡಲ್ಲ.'

ಈ ಮಾತು ಅವನಿಗೆ ಚೆನ್ನಾಗಿ ಅರ್ಥವಾಯಿತು, ಅದರ ಹಿಂದಿನ ಮಾತು ಕೂಡ. ಒಳ್ಳೇ ಮಾಲಿಗೆ ಕಳಂಕ ಹಚ್ಚಿ, ಗಾಲಿ ಬದಲಾಯಿಸಿದ ಮಾಲನ್ನು ಸಾಗಹಾಕುವ ವರಸೆ. ಬೂದು ಮಷೀನನ್ನು ಯಾರಿಗೋ ಎತ್ತಿಟ್ಟಿದ್ದಾಳೆ. ಕೋಲೂರಿಕೊಂಡು ಬಂದ ಮುದುಕಿ, ಬ್ಯಾಗು ಹೊತ್ತ ಮುದುಕ, ಇವರಿಗೆ ಕಪ್ಪುದೇ ಸಾಕು ಎಂದುಕೊಂಡಿದ್ದಾಳೆ. ಗಾಲಿಯ ವಿಷಯದಲ್ಲಿ ಸಿಕ್ಕಿಬಿದ್ದ ಮೇಲೂ ನಾಚಿಕೆಯಿಲ್ಲ. ಕಿರುಚುತ್ತಿದೆಯಂತೆ! ಕಿರುಚುವ ಬೇರಿಂಗನ್ನು ಇವಳು ಹುಟ್ಟುವ ಮೊದಲೇ ಕೇಳಿದವನ ಎದುರಿಗೆ!

'ನೋಡಮ್ಮ, ನಂಗೆ ಬೇರಿಂಗ್ ಪಾಠ ಮಾಡೋಕೆ ಬರಬೇಡ. ನಿನ್ನಂಥ ಅಂಗಡಿಯವರನ್ನ ಸಾಕಷ್ಟು ನೋಡಿದೀನಿ. ಇದರಲ್ಲಿ ಏನೂ ಸದ್ದಿಲ್ಲ.'

'ಅಂಕಲ್, ನಿಮಗೇನು ಸುಳ್ಳು ಹೇಳಿ ನಂಗೆ...'

'ಏನೂ ಸದ್ದಿಲ್ಲ ಅಂದೆ!'

ತಗಡಿನ ಛಾವಣಿಗೆ ಬಡಿದು ಅವನ ದನಿ ಅವನಿಗೇ ವಾಪಸು ಬಂತು. ಹೆಂಡತಿ ಅವನ ತೋಳು ಮುಟ್ಟಿದಳು. 'ರೀ, ಅವರು ಹೇಳೋದನ್ನೂ ಸ್ವಲ್ಪ ಕೇಳಿ.' ಕೇಳಿ! ಇವಳೂ ಕೇಳಿ ಅನ್ನುತ್ತಾಳೆ. ಮೂವತ್ನಾಲ್ಕು ವರ್ಷ ಕೇಳಿದ್ದೇ ಕೇಳಿದ್ದು, ಆ ಸಂಬಳದಲ್ಲೇ ಮನೆ ನಡೆದದ್ದು. ಅವನು ತೋಳು ಕೊಡವಿಕೊಂಡ. 'ನೀನು ಹತ್ತು. ಹತ್ತಿ ತುಳಿ. ಇವರ ಎದುರಿಗೇ ಇನ್ನೊಂದು ಸಲ ಕೇಳಿ ಹೇಳ್ತೀನಿ. ಆಗಲೂ ನಂಬಿಕೆ ಬರದಿದ್ರೆ ನಡಿ, ಬೇರೆ ಕಡೆ ಹೋಗೋಣ.' ಬೇರೆ ಕಡೆ ಎಂಬುದು ಇರಲಿಲ್ಲ. ಊರಿನಲ್ಲಿದ್ದ ಇಂಥ ಗೋದಾಮು ಇದೊಂದೇ ಎಂದು ಮೂವರಿಗೂ ಗೊತ್ತಿತ್ತು. ಹೆಂಡತಿ ಒಂದು ಗಳಿಗೆ ಅವನನ್ನು ನೋಡಿದಳು, ತಪ್ಪು ಲೆಕ್ಕ ಮಾಡಿ ಹಠ ಹಿಡಿದು ಕೂತ ಮಗುವನ್ನು ನೋಡುತ್ತಿದ್ದ ಅದೇ ನೋಟ. ಆಮೇಲೆ ಕೋಲನ್ನು ಕನ್ನಡಿಗೆ ಒರಗಿಸಿ, ಯಾರ ಕೈಯನ್ನೂ ಹಿಡಿಯದೆ, ಒಳ್ಳೇ ಕಾಲನ್ನು ಮೊದಲಿಟ್ಟು ಬೂದು ಮಷೀನಿನ ಮೇಲೆ ಹತ್ತಿದಳು.

ಅವನು ಕೂತ. ಸಿಮೆಂಟಿನ ನೆಲ ತಣ್ಣಗಿತ್ತು. ತಲೆಯ ಮೇಲೆ ಹೆಂಡತಿಯ ಪಾದಗಳು ಚಲಿಸತೊಡಗಿದ್ದನ್ನು, ಕೆಂಪು ಅಂಕಿಗಳು ಹತ್ತಿದ್ದನ್ನು ನೋಡಿಯೇ ಕಣ್ಣು ಮುಚ್ಚಿದ. ಗುಂಯ್. ಬಂತು ನೋಡು ನಾದ. ಎಷ್ಟು ಸಮ, ಎಷ್ಟು ತುಂಬು. ಇದರಲ್ಲಿ ಕಿರುಚುವುದು ಎಲ್ಲಿದೆ? ಇದೇ ನಾದವನ್ನು ಕೇಳುತ್ತ ಅಂದು ದೊಡ್ಡ ಫಿಟ್ಟರ್ ನೀರಿನ ಪಂಪಿನ ಮೋಟರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಮಧ್ಯಾಹ್ನದ ಊಟದ ಬಿಡುವು, ಸುತ್ತ ಹನ್ನೊಂದು ಜನ. ಮುದುಕನಿಗೆ ಕೇಳಿಸುತ್ತದೋ ಇಲ್ಲವೋ ಎಂದು ಪಂದ್ಯ ಕಟ್ಟಿದವರು ಬೇರೆ ಯಾರೋ. ಕಣ್ಸನ್ನೆ ಮಾಡಿದವರು ಬೇರೆ ಯಾರೋ. ಆದರೆ ಗೋಡೆಯ ಮೇಲಿನ ಸ್ವಿಚ್ಚಿಗೆ ಹತ್ತಿರ ನಿಂತಿದ್ದವನು ತಾನು, ಆರಿಸಿದ್ದು ತನ್ನ ಕೈ. ಸುತ್ತಲಿನ ಯಂತ್ರಗಳ ಗದ್ದಲದಲ್ಲಿ ಮೋಟರು ನಿಧಾನವಾಗಿ ನಿಂತುಹೋಯಿತು. ಅದರ ಹಿಂಬದಿಯ ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಎಣಿಸುವ ಹಾಗೆ ನಿಂತವು. ಮುದುಕ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದ. ಗಂಟಲು ಸರಿಮಾಡಿಕೊಂಡು, 'ಇನ್ನೂ ಒಂದು ವರ್ಷ ಏನೂ ತೊಂದ್ರೆಯಿಲ್ಲ,' ಅಂದ. ಆಗ ಎದ್ದ ನಗೆ! ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬನಂತೂ ಊಟದ ಡಬ್ಬಿ ಬೀಳಿಸಿಕೊಂಡ. ಮುದುಕ ಕಣ್ಣು ಬಿಟ್ಟ. ನಗುವವರನ್ನು ನೋಡಲಿಲ್ಲ, ನಿಂತ ಫ್ಯಾನನ್ನು ನೋಡಿದ, ಆಮೇಲೆ ಸ್ವಿಚ್ಚಿನ ಪಕ್ಕ ಇದ್ದ ಇವನನ್ನು ನೋಡಿದ. ಸ್ಕ್ರೂಡ್ರೈವರನ್ನು ಒರೆಸುವ ಬಟ್ಟೆಯಲ್ಲಿ ನಿಧಾನವಾಗಿ ಸುತ್ತಿ ಇವನ ಕೈಯಲ್ಲಿಟ್ಟು, 'ಇಟ್ಕೋ,' ಅಂದ. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಹೊಸಬರು ಬಂದಾಗಲೆಲ್ಲ, ಮಗಳಿಗೆ, ಅಳಿಯನಿಗೆ, ನಿವೃತ್ತಿಯ ಸಭೆಯಲ್ಲಿ ಮೈಕಿನ ಮುಂದೆ, ಇವನು ಹೇಳಿಕೊಂಡು ಬಂದದ್ದು ಒಂದೇ: ಇದು ನಮ್ಮ ಗುರುಗಳು ಯೋಗ್ಯ ಶಿಷ್ಯ ಅಂತ ನನ್ನನ್ನು ಆರಿಸಿ ಕೈಯಾರೆ ಕೊಟ್ಟದ್ದು. ಕೈಯಾರೆ ಕೊಟ್ಟದ್ದು ನಿಜ. ಉಳಿದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ, ಇವಳಿಗೂ. ಗುಂಯ್. ನಾದ ತುಂಬಿಕೊಂಡೇ ಇತ್ತು.

'ಚೆನ್ನಾಗಿದೆ,' ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದ, ಎಲ್ಲರಿಗೂ ಕೇಳಿಸುವ ಹಾಗೆ. 'ಹತ್ತು ವರ್ಷ ಏನೂ ತೊಂದ್ರೆಯಿಲ್ಲ.'

ಕಣ್ಣು ಬಿಟ್ಟ. ಪರದೆ ಕಪ್ಪಗಿತ್ತು. ಹೆಂಡತಿಯ ಒಂದು ಪಾದ ಮೇಲೆ, ಒಂದು ಪಾದ ಕೆಳಗೆ, ಎರಡೂ ಅಲುಗದೆ ನಿಂತಿದ್ದವು. ಅವಳು ಒಂದು ಕೈಯಲ್ಲಿ ಹಿಡಿ ಹಿಡಿದು, ಇನ್ನೊಂದರಲ್ಲಿ ಎಡ ಮಂಡಿಯನ್ನು ಒತ್ತಿಕೊಂಡು ಬಗ್ಗಿದ್ದಳು. ಎಷ್ಟು ಹೊತ್ತಿನಿಂದ? ಚಕ್ರ ನಿಂತಿತ್ತು. ನಾದ ನಿಂತಿರಲಿಲ್ಲ. ಅವನು ಹಿಡಿಯನ್ನು ಕಿವಿಯಿಂದ ತೆಗೆದ. ನಾದ ಹಾಗೇ ಇತ್ತು. ಸ್ಕ್ರೂಡ್ರೈವರನ್ನು ನೆಲದ ಮೇಲೆ ಇಟ್ಟ. ಗುಂಯ್ ಎನ್ನುತ್ತಲೇ ಇತ್ತು, ಒಂದೇ ಸಮನೆ, ಅವನ ತಲೆಯೊಳಗೆ, ಯಾವ ಮಷೀನಿನದೂ ಅಲ್ಲದ ನಾದ. ಕಪ್ಪಿನದೂ ಇದೇ, ಬೂದಿನದೂ ಇದೇ. ಇನ್ನೂ ಎಷ್ಟು ದಿನಗಳಿಂದ ಯಾವ ಯಾವುದಕ್ಕೆಲ್ಲ ಇದನ್ನೇ ಕೇಳಿ ಚೆನ್ನಾಗಿದೆ ಎಂದು ತಲೆಯಾಡಿಸಿದ್ದನೋ.

ಯಾರೂ ನಗಲಿಲ್ಲ. ಆ ಹೆಂಗಸು ತಲೆ ತಗ್ಗಿಸಿಕೊಂಡು, ಅದಕ್ಕಿಂತ ತುರ್ತಿನ ಕೆಲಸವೇ ಇಲ್ಲವೆಂಬಂತೆ ಉಗುರಿನ ಸಂದಿಯ ಗ್ರೀಸು ತೆಗೆಯುತ್ತಿದ್ದಳು. ನಕ್ಕಿದ್ದರೆ ಆಗುತ್ತಿತ್ತು. ನಕ್ಕಿದ್ದರೆ ಎದ್ದು ನಿಂತು ಬಾಯಿಗೆ ಬಂದದ್ದು ಬೈದು, ಗೋದಾಮಿನಿಂದ ಹೊರಗೆ ನಡೆದುಬಿಡಬಹುದಿತ್ತು. ಮುದುಕನಿಗೆ ಹನ್ನೊಂದು ಜನರ ನಗೆಯಾದರೂ ಸಿಕ್ಕಿತ್ತು.

'ಯಾವಾಗ ನಿಲ್ಲಿಸಿದೆ?' ಅಂದ.

'ಆಗ್ಲೇ,' ಅಂದಳು ಹೆಂಡತಿ. ಮುಖ ಅವನ ಕಡೆಗೇ ಇತ್ತು, ತುಟಿ ಬಿಡಿಬಿಡಿಯಾಗಿ ಆಡಿತು. 'ಮಂಡಿ ಹಿಡ್ಕೊಂತು, ನಿಲ್ಲಿಸ್ತೀನಿ ಅಂದೆನಲ್ಲ.' ಮಂಡಿಯಿಂದ ಕೈ ತೆಗೆದು, 'ಎರಡು ಸಲ ಅಂದೆ.' ಆಮೇಲೆ ಅವಳು ಆ ಹೆಂಗಸಿನ ಕಡೆ ತಿರುಗಿ, ಕಣ್ಣಲ್ಲೇ ಏನೋ ಬೇಡಿಕೊಂಡು, ದನಿ ಎತ್ತಿ ಹೇಳಿದಳು: 'ಇದನ್ನೇ ತಗೋತೀವಮ್ಮ. ನಮ್ಮನೆಯವರು ಚೆನ್ನಾಗಿದೆ ಅಂದಿದಾರೆ. ಅವರು ಅಂದ್ಮೇಲೆ ಮುಗೀತು.'

ಅವನಿಗೆ ಹಿಂದೆಂದೂ ಬರದಷ್ಟು ಸಿಟ್ಟು ಬಂತು. ಬೇರಿಂಗ್ ಹೋದ ಮಷೀನನ್ನು ಇವಳು ಮನೆಗೆ ಹೊರಿಸಿಕೊಂಡು ಹೋಗುತ್ತಾಳೆ. ದಿನಾ ಅದರ ಮೇಲೆ ನಿಂತು, ಆ ಕಿರುಚಾಟವನ್ನು ಒಬ್ಬಳೇ ಕೇಳುತ್ತ, ಕೆಳಗಿನವನ ಬೈಗುಳ ತಿನ್ನುತ್ತ, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ನಡೆಯುತ್ತಾಳೆ. ಕೊನೆಗೆ ನಡೆಯುವುದನ್ನು ಬಿಟ್ಟು ಮಂಡಿಯನ್ನು ಗಟ್ಟಿಯಾಗಲು ಬಿಡುತ್ತಾಳೆ, ಆಗಲೂ ಕಾರಣ ಹೇಳುವುದಿಲ್ಲ. ಫೇಲಾಗುವ ಮಗುವಿಗೆ ಅಲ್ಲೊಂದು ಇಲ್ಲೊಂದು ಮಾರ್ಕು ಸೇರಿಸಿ ಪಾಸು ಮಾಡುತ್ತಿದ್ದಳಲ್ಲ, ಹಾಗೆ. ಬಾಗಿಲಿನ ಬೆಲ್ಲೂ ಅದೇ ಮಾರ್ಕು, ಬ್ಯಾಂಕಿನ ಉತ್ತರವೂ ಅದೇ ಮಾರ್ಕು, ಸದ್ದಿನ ವಿಷಯ ನಿಮಗೆ ಬಿಟ್ಟಿದ್ದು ಅಂದದ್ದಂತೂ ಮಾರ್ಕುಗಳ ಸುರಿಮಳೆ. ಯಾರು ಕೇಳಿದ್ದರು ಇವಳನ್ನು? ತನ್ನ ಕಾಲನ್ನು ತೆತ್ತು ಗಂಡನ ಕಿವಿಯ ಮಾನ ಕಾಯಲು ಇವಳಿಗೆ ಅಧಿಕಾರ ಕೊಟ್ಟವರು ಯಾರು?

'ಇಳಿ,' ಅಂದ.

'ರೀ...'

'ಇಳಿ ಅಂದೆ. ಇದು ಬೇಡ.'

ಅವನೇ ಕೈಕೊಟ್ಟು ಇಳಿಸಿದ. ಭಾರ ಎತ್ತುವವರು ಕೂರುವ ಗಿಡ್ಡ ಬೆಂಚೊಂದನ್ನು ಕಾಲಿನಿಂದ ತಳ್ಳಿಕೊಂಡು ಹೋಗಿ ಕಪ್ಪು ಮಷೀನಿನ ಹಿಂದೆ ಇಟ್ಟು, ಅದರ ಮೇಲೆ ಅವಳನ್ನು ಕೂರಿಸಿದ. ಹೆಂಗಸು ನೆರವಿಗೆ ಬರಲು ಹೊರಟವಳು ಅವನ ಮುಖ ನೋಡಿ ಅಲ್ಲೇ ನಿಂತಳು. ನೆಲದ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿ, ತುದಿಯನ್ನು ಚಕ್ರದ ಅಚ್ಚಿಗೆ ಇಟ್ಟು, ಹಿಡಿಯನ್ನು ಹೆಂಡತಿಯ ಕೈಗೆ ಕೊಟ್ಟ. ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಪೆನ್ನಿನ ಹಾಗೆ ಹಿಡಿದಳು. ಅವನು ಅವಳ ಕೂದಲನ್ನು ಹಿಂದೆ ಸರಿಸಿ ಕಿವಿಯ ಮುಂದಿನ ಎಲುಬನ್ನು ಬೆರಳಿನಿಂದ ಮುಟ್ಟಿ ತೋರಿಸಿದ. 'ಇಲ್ಲಿ. ಒತ್ತಿ ಹಿಡಿ. ಕಣ್ಣು ಮುಚ್ಕೋ.' ತಾನು ಮಷೀನಿನ ಮೇಲೆ ಹತ್ತಿದ. ಆಮೇಲೆ ಹೇಳಬೇಕಾಗಿದ್ದ ಮಾತೊಂದು ಉಳಿದಿತ್ತು. ಆ ಮಾತು ಯಾರದೆಂದು ಅವನಿಗೆ ಗೊತ್ತಿತ್ತು. ಆ ಮಾತು ಆಡಲು ಎಷ್ಟು ಎದೆಗಾರಿಕೆ ಬೇಕಾಗಿತ್ತು ಎಂಬುದು ಇವತ್ತು ಗೊತ್ತಾಯಿತು. ಆರು ತಿಂಗಳು, ದಿನಕ್ಕೆ ಏಳೆಂಟು ಸಲ, ತನಗಿಂತ ಚಿಕ್ಕವನ ಮುಂದೆ ಮುದುಕ ಅದನ್ನು ಆಡಿದ್ದ.

'ನೀನೂ ಒಂದ್ಸಲ ಕೇಳು,' ಅಂದ.

ತುಳಿದ. ಕೆಂಪು ಅಂಕಿಗಳು ಹತ್ತಿದವು. ಎದುರಿನ ಕನ್ನಡಿಯಲ್ಲಿ ಬೆಂಚಿನ ಮೇಲಿನ ಹೆಂಡತಿ ಕಾಣುತ್ತಿದ್ದಳು: ಬಗ್ಗಿದ ಬೆನ್ನು, ನರೆತ ಕೂದಲು, ಗಟ್ಟಿಯಾಗಿ ಮುಚ್ಚಿದ ಕಣ್ಣು, ಕಿವಿಗೆ ಒತ್ತಿದ ಮರದ ಹಿಡಿ. ಬಹಳ ಹೊತ್ತು ಕೇಳಿದಳು. ಅಷ್ಟು ಹೊತ್ತು ಕೇಳುವಂಥದ್ದು ಅದರಲ್ಲಿ ಏನಿದೆಯೋ. ಕೊನೆಗೆ ಅವಳ ತುಟಿಗಳು ಆಡಿದವು. ಅವನ ತಲೆಯೊಳಗೆ ಗುಂಯ್ ಎಂಬುದಲ್ಲದೆ ಬೇರೇನೂ ಇರಲಿಲ್ಲ. ಹೂಂ ಎಂಬ ಉತ್ತರ ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ.

'ಏನಂದೆ?'

ತುಟಿಗಳು ಮತ್ತೆ ಆಡಿದವು.

'ಏನಂದೆ? ಜೋರಾಗಿ ಹೇಳೇ, ನಂಗೆ ಕೇಳಿಸಲ್ಲ!'

ಕಣ್ಣು ಮುಚ್ಚಿಕೊಂಡೇ ಅವಳು ತಲೆಯೆತ್ತಿದಳು. ಮೂವತ್ತೊಂದು ವರ್ಷ ಹಲಗೆಯ ಮುಂದೆ ನಿಂತಿದ್ದ ಆ ದನಿ ಎಲ್ಲಿತ್ತೋ, ಎದ್ದು ಬಂತು.

'ಸದ್ದೇ ಇಲ್ಲ ಅಂದೇ...!'

ಟೈರ್ ಅಂಗಡಿಯವರು ಬಾಗಿಲಿನಲ್ಲಿ ಇಣುಕಿದರು. ಅಷ್ಟೊಂದು ಕಿರುಚಬೇಕಾಗಿರಲಿಲ್ಲ, ತಾನೇನು ಅಷ್ಟು ಕಿವುಡನಲ್ಲ ಎಂದುಕೊಂಡ. ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ, ಹಿಡಿಯನ್ನು ಇನ್ನಷ್ಟು ಒತ್ತಿಕೊಂಡು ಮತ್ತೆ ಕೇಳತೊಡಗಿದ್ದಳು. ಅವನಿಗೆ ತೊಡೆ ಸೋತಿತ್ತು, ಉಸಿರು ಏರಿತ್ತು, ಹಿಡಿಗಳ ಮೇಲೆ ಕೈ ಬೆವರಿ ಜಾರುತ್ತಿತ್ತು. ಅವಳು ಕಣ್ಣು ಬಿಡುವ ತನಕ ನಿಲ್ಲಿಸಬಾರದು ಎಂದು, ಕನ್ನಡಿಯಿಂದ ನೋಟ ತೆಗೆಯದೆ, ತುಳಿಯುತ್ತಲೇ ಇದ್ದ.